ಜೈನಾಬಿಯ ಕಾಡುಕೋಳಿಗಳು

ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಗಾಡಿಯಲ್ಲಿ ಸೌದೆ ಹೇರುತ್ತಿದ್ದ ರಸೂಲ್ ಸಾಬರ ಹೆಂಡತಿ ಜೈನಾಬಿ ನಮ್ಮ ಪಕ್ಕದ ಮನೆಯವಳು. ಬಾಯಿ ಜೋರು, ಕೈ ಧಾರಾಳ. ಮದುವೆಯಾಗಿ ವರ್ಷಗಳೇ ಕಳೆದರೂ ಮಕ್ಕಳಿರಲಿಲ್ಲ. ಯಾರಾದರೂ ಆ ಮಾತೆತ್ತಿದರೆ ಅವರ ಏಳು ತಲೆಮಾರನ್ನೂ ಜಾಲಾಡಿಬಿಡುತ್ತಿದ್ದಳು.

ಕಾರ್ಖಾನೆ ಶುರುವಾದ ಹೊಸದರಲ್ಲಿ ಒಂದು ಬೇಸಿಗೆ, ರಸೂಲ್ ಸಾಬರು ದಾರಿ ಬದಿಯ ಬೆಣಚುಗುಡ್ಡದಿಂದ ಕಾಡುಕೋಳಿ ಮೊಟ್ಟೆಗಳನ್ನು ರುಮಾಲಿನಲ್ಲಿ ಕಟ್ಟಿ ತಂದರು. ಆ ಗುಡ್ಡ ಸರ್ಕಾರ ಕಾಯ್ದಿಟ್ಟ ಕಾಡು. ಅಲ್ಲಿಂದ ಒಂದು ಗರಿ ತಂದರೂ ತಪ್ಪು. ಅವರು ತಂದದ್ದೇನೋ ಸಾರು ಮಾಡಲೆಂದು. ಜೈನಾಬಿ ಅವನ್ನು ಕಾವಿಗೆ ಕೂತಿದ್ದ ತನ್ನ ಹೇಂಟೆಯ ಕೆಳಗಿಟ್ಟಳು. ಮೂರು ಮರಿ ಉಳಿದವು. ಅವಕ್ಕೆ ಗೆದ್ದಲು ಹುಡುಕಿ ತರುವುದೇ ಅವಳ ಸಂಸಾರವಾಯಿತು. ನಾವೆಲ್ಲ ನಗುತ್ತಿದ್ದೆವು.

ಸುದ್ದಿ ಗುಡ್ಡ ಕಾಯುವ ಗಾರ್ಡ್ ಜಂಬಣ್ಣನ ಕಿವಿಗೂ ಬಿತ್ತು.

"ಕೇಸು ಹಾಕಲ್ಲ ಅಕ್ಕ. ರೆಕ್ಕೆ ಬಲಿತ ಮೇಲೆ ಗುಡ್ಡಕ್ಕೆ ಬಿಟ್ಬಿಡಬೇಕು, ಅಷ್ಟೇ," ಎಂದು ಹೇಳಿಹೋದ.

ಬಿಡುವ ಮನಸ್ಸು ಯಾರಿಗಿತ್ತು? ಊರಕೋಳಿ ಬೇಲಿ ಹಾರದ ಹಾಗೆ ಮಾಡುತ್ತಾರಲ್ಲ, ಹಾಗೇ ಮೂರರದ್ದೂ ಒಂದು ಬದಿಯ ರೆಕ್ಕೆಗರಿ ಕತ್ತರಿಸಿಬಿಟ್ಟಳು. ದೀಪಾವಳಿ ಕಳೆದು ಜಂಬಣ್ಣ ಬಂದಾಗ, "ಹಾರೋಕೇ ಬರಲ್ವಲ್ಲ ಮಾರಾಯ, ಬಿಟ್ರೆ ನರಿ ಪಾಲು," ಎಂದಳು. ಅವನು ಚಾಪೆ ಕೆಳಗೆ ತೂರಿದರೆ ಇವಳು ರಂಗೋಲಿ ಕೆಳಗೆ ತೂರುವವಳು. ಜಂಬಣ್ಣ ಗರಿ ನೋಡಿದ, ಅವಳ ಮುಖ ನೋಡಿದ, ನೀರು ಕುಡಿದು ಹೊರಟುಹೋದ.

ಗೆದ್ದಳು. ಆದರೆ ಸಂಜೆಯಾದರೆ ಗುಡ್ಡದಿಂದ ಕಾಡುಹುಂಜ ಕೂಗುತ್ತಿತ್ತು. ಆಗ ಇವಳ ಎಳೆ ಹುಂಜ ಹಿತ್ತಿಲ ಗೋಡೆ ಹತ್ತಿ, ಹಾರಲು ಹೋಗಿ, ಒಂದೇ ಬದಿಗೆ ವಾಲಿ ದೊಪ್ಪನೆ ಬೀಳುತ್ತಿತ್ತು. ಎದ್ದು ಮತ್ತೆ ಹತ್ತುತ್ತಿತ್ತು. ಕೆಲವು ದಿನ ನೋಡಿದಳು. ಆಮೇಲೆ ಅವಳಿಗೆ ತಡೆಯಲಾಗಲಿಲ್ಲ.

ಕತ್ತರಿಸಿದ ಗರಿ ಸುಲಭಕ್ಕೆ ಬೆಳೆಯದು. ಉಳಿದ ಬುಡ ಕಿತ್ತರೆ ಬೇಗ ಹೊಸದು ಬರುತ್ತದೆ. ಒಂದು ಬೆಳಿಗ್ಗೆ ಜೈನಾಬಿ ಕೋಳಿಗಳನ್ನು ಮಡಿಲಲ್ಲಿ ಅದುಮಿ ಹಿಡಿದು ಬುಡಗಳನ್ನು ಒಂದೊಂದಾಗಿ ಕಿತ್ತಳು. ಅವು ಕಿರುಚಿದಾಗೆಲ್ಲ ಅವಳೂ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೂ ಕಣ್ಣು ತುಂಬಿತು. ಹೊಸ ಗರಿ ಬಲಿತ ಮೇಲೆ ಗಂಡನ ಗಾಡಿಯಲ್ಲಿ ತಾನೇ ಹೋಗಿ ಬಿಟ್ಟು ಬಂದಳು. ಅವು ತಿರುಗಿಯೂ ನೋಡಲಿಲ್ಲವಂತೆ.

ಅಂದಿನಿಂದ ಸಂಜೆ ಹುಂಜ ಕೂಗಿದರೆ ಸಾಕು, "ನಮ್ಮೋನು" ಅನ್ನುತ್ತಿದ್ದಳು.

"ಗುಡ್ಡದ ತುಂಬ ಹುಂಜ ಇವೆ. ನಿಂಗೆ ಹೆಂಗೆ ಗೊತ್ತು ಮಾರಾಯ್ತಿ?" ಎಂದು ರಸೂಲ್ ಸಾಬರು ಒಮ್ಮೆ ನಕ್ಕರು.

"ನಮ್ಮ ಗೋಡೆ ಮೇಲಿಂದ ಅಷ್ಟು ಸಲ ಬಿದ್ದೋನು," ಎಂದಳು ಜೈನಾಬಿ. "ಅವನ ದನಿ ನಂಗೆ ಗೊತ್ತಾಗಲ್ವಾ?"