ಜೀರಿಗೆ ಚೀಸಿನ ಹೆಪ್ಪು

ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಧಾರವಾಡದಿಂದ ಇಂಗ್ಲಿಷರ ನಾಡಿನ ಗ್ರೀನ್‌ಫರ್ಡ್‌ನ ನಮ್ಮ ಫ್ಲಾಟಿಗೆ ಕರೆತಂದೆ. ಬಂದವಳು ಊಟವನ್ನೇ ಬಿಟ್ಟಳು. ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಡುವಳು, ಅಡುಗೆಮನೆಗಂತೂ ಕಾಲಿಡಲಿಲ್ಲ. ದುಃಖ ಇಳಿಯಲು ಸಮಯ ಬೇಕು ಎಂದರು ನಮ್ಮ ಜಿಪಿ ಡಾಕ್ಟರು. ಸುಮ್ಮನೆ ಕಾಯುವುದು ನನ್ನ ಜಾಯಮಾನದಲ್ಲೇ ಇಲ್ಲ. ರವಿಕೆ ಅವಳ ಹೆಗಲಿನಿಂದ ಜಾರುವುದನ್ನು ಕಂಡಾಗಲೆಲ್ಲ ಸಿಟ್ಟು ಬರುತ್ತಿತ್ತು, ಯಾರ ಮೇಲೆಂದು ಗೊತ್ತಾಗದೆ ಪಾತ್ರೆ ಕುಕ್ಕುತ್ತಿದ್ದೆ.

ಕೊನೆಗೆ ಅವಳ ಬಾಯಿಗೆ ಹಿಡಿಸಿದ್ದು ಜೀರಿಗೆ ಹಾಕಿದ ಡಚ್ ಚೀಸ್. ಹಾಲಿನದೇ ತಾನೆ ಎಂದು ಪನೀರು ತರುವಷ್ಟೇ ನಿಶ್ಚಿಂತೆಯಿಂದ ತಂದಿದ್ದೆ. ರೊಟ್ಟಿಯಲ್ಲಿ ಸುತ್ತಿಕೊಂಡು ದಿನವೂ ತಿಂದಳು. ಅದೊಂದನ್ನೇ.

ಒಂದು ಶನಿವಾರ ಹೌನ್ಸ್ಲೋದ ಚೀಸ್ ಅಂಗಡಿಗೆ ಅವಳನ್ನೂ ಕರೆದೊಯ್ದೆ. ಅಂಗಡಿಯವನು ಡಚ್ಚನೇ, ಮಾತಿನಮಲ್ಲ. ತಿಂಗಳುಗಟ್ಟಲೆ ಸಾಗುವ ಹಡಗುಗಳಲ್ಲಿ ಈ ಗಟ್ಟಿ ಚೀಸು ಕೆಡದೆ ಉಳಿಯುತ್ತಿತ್ತಂತೆ. ಅವರ ಊರ ಪೇಟೆಯಲ್ಲಿ ಚೀಸು ತೂಗುವ ಕಟ್ಟಡದೆದುರು ಕೊಳ್ಳುವವನೂ ಮಾರುವವನೂ ಅಂಗೈಗೆ ಅಂಗೈ ಬಡಿಯುತ್ತ ದರ ಕೂಗುತ್ತಿದ್ದರಂತೆ. ಅವ್ವನಿಗೆ ಕನ್ನಡದಲ್ಲಿ ಹೇಳಿದೆ.

"ನಮ್ಮ ಕಡೆ ಎತ್ತಿನ ವ್ಯಾಪಾರದಾಗ ಟವೆಲ್ ಕೆಳಗ ಬೆರಳ ಹಿಡೀತಾರ" ಎಂದಳು. ಎಷ್ಟೋ ವಾರಗಳಿಂದ ಅವಳು ಅಷ್ಟು ಉದ್ದ ಮಾತಾಡಿರಲಿಲ್ಲ. ಆಮೇಲೆ, ಜೀವಮಾನವಿಡೀ ಹಾಲಿಗೆ ಹೆಪ್ಪು ಹಾಕಿದವಳು ಕೇಳಲೇಬೇಕಾದದ್ದನ್ನು ಕೇಳಿದಳು: "ಇದಕ್ಕ ಹೆಪ್ಪ ಏನ ಹಾಕ್ತಾರಂತ ಕೇಳು."

ಕೇಳಿದೆ. ಅವನು ಹೆಮ್ಮೆಯಿಂದ ವಿವರಿಸಿದ: ಹಳೆಯ ಪದ್ಧತಿ, ಹಾಲು ಕುಡಿಯುವ ಎಳೆಗರುವನ್ನು ಕೊಂದು ಅದರ ಹೊಟ್ಟೆಯಿಂದ ತೆಗೆದ ರಸ. ಅವ್ವ ಮೊಟ್ಟೆಯನ್ನೂ ಮುಟ್ಟದವಳು. ಹೇಳಿದರೆ, ಅವಳು ತಿನ್ನುವ ಒಂದೇ ಒಂದು ಪದಾರ್ಥವೂ ಹೋಯಿತು.

"ಏನೋ ಒಂದ ಹುಳಿ ಅಂತ."

"ಅಂವಾ ಅಷ್ಟೊತ್ತು ಮಾತಾಡಿದ. ನೀ ಒಂದ ಮಾತಿನ್ಯಾಗ ಮುಗಿಸಿದಿ. ಖರೇ ಹೇಳು."

ಹೇಳಿಬಿಟ್ಟೆ. ಅವ್ವ ಅವನು ರುಚಿಗೆಂದು ಕೊಟ್ಟಿದ್ದ ತುಂಡನ್ನು ಕಾಗದದ ಮೇಲಿಟ್ಟು ಸೆರಗಿನಿಂದ ಬೆರಳು ಒರೆಸಿಕೊಂಡಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಾನು ಚೀಲದ ಜಿಪ್ ತೆರೆಯುತ್ತ, ಮುಚ್ಚುತ್ತ ನಿಂತೆ.

"ಬ್ಯಾರೆ ಹೆಪ್ಪಿಂದು ಅದ ಏನ್ ಕೇಳು."

ಇತ್ತು, ಪ್ರಾಣಿಯದಲ್ಲದ ಹೆಪ್ಪಿನದು. ಆದರೆ ಅದರಲ್ಲಿ ಜೀರಿಗೆ ಇರಲಿಲ್ಲ. ಚೂರೊಂದನ್ನು ಬಾಯಿಗಿಟ್ಟು ಮುಖ ಕಿವುಚಿದಳು. ಇನ್ನು ಮುಗಿಯಿತು ಎಂದುಕೊಂಡೆ.

"ಸಪ್ಪಗ ಅದ. ಇರಲಿ, ತಗೋ. ಮನ್ಯಾಗ ಜೀರಿಗಿ ಎಲ್ಲಿಟ್ಟಿ?"

ಒಲೆಯ ಮೇಲಿನ ಕಪಾಟಿನಲ್ಲಿದೆ ಎಂದೆ. ನನ್ನ ಅಡುಗೆಮನೆಯಲ್ಲಿ ಯಾವುದು ಎಲ್ಲಿದೆ ಎಂದು ಅವಳು ಕೇಳಿದ್ದು ಅದೇ ಮೊದಲು.