ನಲವತ್ತೊಂದನೇ ನಂಬರಿನ ಮನೆಯ ಮುನ್ನೂರ ಹನ್ನೆರಡು ಮಂದಿ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಚೆನ್ನೈಯಿಂದ ಮೂವತ್ತು ಕಿಲೋಮೀಟರ್ ಆಚೆ, ಪುದುವಯಲಿನ ಎಂಟಂತಸ್ತಿನ ಸರ್ಕಾರಿ ವಸತಿಯ ಮೆಟ್ಟಿಲುಗಳನ್ನು ಅಂಜಲೈ ಹತ್ತುತ್ತಿದ್ದಾರೆ. ಲಿಫ್ಟು ಕೆಟ್ಟು ಎರಡು ವರ್ಷವಾಯಿತು. ಕಂಕುಳಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಮತದಾರರ ಪಟ್ಟಿ, ಕೈಯಲ್ಲಿ ಇಂಕ್ ಪ್ಯಾಡು. ಐದೂವರೆಯ ಬಸ್ಸಿಗೆ ಈ ಕಟ್ಟಡದ ಅರ್ಧ ಜನ ನಗರಕ್ಕೆ ಹೊರಟುಬಿಡುತ್ತಾರೆ. ಕೆಲವರು ಮೀನು ಮಾರಲು, ಕೆಲವರು ಮನೆಗೆಲಸಕ್ಕೆ, ಕೆಲವರು ಬಂದರಿನಲ್ಲಿ ಮೂಟೆ ಹೊರಲು. ಆರು ದಿನವೂ ಅಷ್ಟರೊಳಗೇ ಸಿಕ್ಕಷ್ಟು ಸಹಿ; ಇವತ್ತು ಉಳಿದಿರುವುದು ಒಂದೇ ಬಾಗಿಲು.

ಏಳನೇ ಮಹಡಿಯಲ್ಲಿ ಧನಕೋಟಿ ಎಂಬ ಎಪ್ಪತ್ತೆಂಟರ ಮುದುಕಿ, ಎಲ್ಲರಿಗೂ ಆಯಾ ಎಂದರೆ ಅಜ್ಜಿ, ಬಾಗಿಲಲ್ಲೇ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಾಳೆ.

"ಬಂದ್ಯಾ? ಯಮ ಕೂಡ ಇಷ್ಟೊತ್ತಿಗೆ ಬರಲ್ಲ ಕಣೇ."

"ಅವನಿಗೆ ಲಿಫ್ಟ್ ಬೇಕು ಆಯಾ, ನನಗೆ ಬೇಡ. ಹೆಬ್ಬೆಟ್ಟು ಕೊಡು. ಇವತ್ತೇ ಕಡೇ ದಿನ."

"ಕೊಡಲ್ಲ. ಬರೆದವಳೂ ನೀನೇ, ಅಳಿಸೋಳೂ ನೀನೇನಾ?"

ಮುದುಕಿ ತನ್ನ ಬಲಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಳ್ಳುತ್ತಾಳೆ, ಚಿಕ್ಕ ಮಕ್ಕಳು ಮಿಠಾಯಿ ಬಚ್ಚಿಡುವಂತೆ. ಅಂಜಲೈ ಅವಳ ಪಕ್ಕದಲ್ಲೇ ನೆಲಕ್ಕೆ ಕೂರುತ್ತಾರೆ. ಬಸ್ಸಿನ ಹಾರ್ನ್ ಕೇಳುತ್ತದೆ.

ಅಂಜಲೈಗೆ ಐವತ್ತಮೂರು ವರ್ಷ. ಉಪ್ಪುಮೇಡು ವಿಧಾನಸಭಾ ಕ್ಷೇತ್ರದ ಒಂದು ಅಂಗನವಾಡಿಯಲ್ಲಿ ಟೀಚರು. ಅದರ ಜೊತೆಗೆ ಹತ್ತೊಂಬತ್ತು ವರ್ಷಗಳಿಂದ ಅದೇ ಕ್ಷೇತ್ರದ ಎಂಬತ್ತೇಳನೇ ಮತಗಟ್ಟೆಯ ಪಟ್ಟಿಯೂ ಅವರದೇ. ಸತ್ತವರನ್ನು ತೆಗೆಯುವುದು, ಹದಿನೆಂಟು ತುಂಬಿದವರನ್ನು ಸೇರಿಸುವುದು, ಮದುವೆಯಾಗಿ ಹೋದವರನ್ನು ಬೇರೆ ಊರಿಗೆ ಕಳಿಸುವುದು. "ನನ್ನ ಪಟ್ಟೀಲಿ ಒಬ್ಬ ಸತ್ತವನೂ ಓಟು ಹಾಕಿಲ್ಲ ಸಾರ್," ಎನ್ನುತ್ತಾರೆ. ಆ ಕ್ಷೇತ್ರದಲ್ಲಿ ಹಾಗೆ ಹೇಳಬಲ್ಲವರು ಬಹಳ ಮಂದಿ ಇಲ್ಲ.

ಎಂಬತ್ತೇಳನೇ ಮತಗಟ್ಟೆಯೆಂದರೆ ಕಾಲುವೆ ದಂಡೆಯ ಕೊಕ್ಕುತೋಪು. ತೊಂಬತ್ತಾರು ಗುಡಿಸಲು, ಒಂದು ಅಮ್ಮನ ಗುಡಿ. ಉಪ್ಪುಮೇಡಿನ ಕಳೆದ ಆರು ಚುನಾವಣೆಗಳಲ್ಲಿ ಮೂರು ಸಲ ಈ ಪಕ್ಷ ಗೆದ್ದಿತು, ಮೂರು ಸಲ ಆ ಪಕ್ಷ. ಆರೂ ಸಲ ಕೊಕ್ಕುತೋಪು ಯಾರಿಗೆ ಹಾಕಿತೋ ಅವರೇ ಗೆದ್ದರು. ಹಾಗಾಗಿ ಎರಡೂ ಪಕ್ಷದವರು ಇದನ್ನು ಅದೃಷ್ಟದ ಬೂತ್ ಎಂದು ಕರೆಯುತ್ತಿದ್ದರು. ಗೆದ್ದವರು ಮೊದಲ ಹಾರವನ್ನು ಈ ಗುಡಿಗೇ ತಂದು ಹಾಕುತ್ತಿದ್ದರು. ಅಂಜಲೈ ಚುನಾವಣೆಗಳನ್ನು ಇಸವಿಯಿಂದ ನೆನಪಿಡುವುದಿಲ್ಲ. ನಲ್ಲಿ ಕೊಡುತ್ತೇವೆಂದ ವರ್ಷ, ನಲ್ಲಿ ಬಂದ ವರ್ಷ, ನಲ್ಲಿಯಲ್ಲಿ ನೀರು ಕೊಡುತ್ತೇವೆಂದ ವರ್ಷ.

ಆರು ವರ್ಷದ ಹಿಂದೆ ಕಾಲುವೆ ಅಗಲ ಮಾಡಬೇಕೆಂದು ಜೆಸಿಬಿ ಬಂತು. ಗುಡಿಯನ್ನು ಮುಟ್ಟಲು ಚಾಲಕನಿಗೆ ಧೈರ್ಯ ಬರಲಿಲ್ಲ. ಮಿಕ್ಕದ್ದೆಲ್ಲ ಮಧ್ಯಾಹ್ನದೊಳಗೆ ಮುಗಿಯಿತು. ಜನರನ್ನು ಲಾರಿಗಳಲ್ಲಿ ತುಂಬಿ ಪುದುವಯಲಿಗೆ ತಂದರು. ಅದು ಬೇರೆಯೇ ಕ್ಷೇತ್ರ. ಅಂಜಲೈಯೂ ಆ ಲಾರಿಯಲ್ಲೇ ಬಂದರು. ಅಂಗನವಾಡಿ ಮಾತ್ರ ಅಲ್ಲೇ ಉಳಿಯಿತು. ದಿನಾ ಹೋಗುವುದಕ್ಕೆ ಎರಡು ಬಸ್ಸು, ಬರುವುದಕ್ಕೆ ಎರಡು.

ಅದರ ಮರುವರ್ಷವೇ ಚುನಾವಣೆ ಇತ್ತು. ಅದಕ್ಕೆ ಮುಂಚಿನ ಪರಿಷ್ಕರಣೆಯಲ್ಲಿ, ಇಲ್ಲದ ಮನೆಗಳ ನಂಬರು ಹಾಕಬೇಡಿ ಎಂದು ಮೇಲಿನಿಂದ ಆದೇಶ ಬಂತು. ಕೊಕ್ಕುತೋಪಿನಲ್ಲಿ ಉಳಿದಿದ್ದ ನಂಬರು ಒಂದೇ: ನಲವತ್ತೊಂದು, ಅಮ್ಮನ ಗುಡಿ. ಅಂಜಲೈ ಎಲ್ಲರನ್ನೂ ಅಲ್ಲಿಗೇ ಬರೆದರು.

"ಇಲ್ದೇ ಇರೋ ಮನೆ ಬರೆದ್ರೆ ಸುಳ್ಳಾಗುತ್ತೆ. ಅಮ್ಮನ ಮನೆ ಇತ್ತಲ್ಲ? ನೆರೆ ಬಂದಾಗ ಹನ್ನೊಂದು ದಿನ ಅಷ್ಟೂ ಜನ ಅಲ್ಲೇ ಇದ್ವಿ. ಆಷಾಢದಲ್ಲಿ ತೊಂಬತ್ತಾರು ಮನೆಯೋರು ಹಿಟ್ಟು ತಂದು ಒಂದೇ ಹಂಡೇಲಿ ಅಂಬಲಿ ಕಾಯಿಸ್ತೀವಿ. ಒಂದೇ ಒಲೆ ಇದ್ರೆ ಒಂದೇ ಮನೆ ಅಲ್ವಾ? ಪಡಿತರ ಚೀಟಿಗೂ ಅದೇ ಲೆಕ್ಕ ತಾನೇ."

ಆ ಚುನಾವಣೆಯ ಬೆಳಿಗ್ಗೆ ಎರಡೂ ಪಕ್ಷದವರು ಸೇರಿ ಹನ್ನೊಂದು ಬಸ್ಸು ಕಳಿಸಿದರು. ಜನ ಓಟು ಹಾಕಿ, ತಮ್ಮ ತಮ್ಮ ಮನೆ ಇದ್ದ ಜಾಗ ಹುಡುಕಿ ಅಲ್ಲೇ ಬುತ್ತಿ ಬಿಚ್ಚಿಕೊಂಡು ಮೀನು ಸಾರು ಅನ್ನ ಉಂಡರು. ಸಂಜೆ ಬಸ್ಸುಗಳು ಬರಲಿಲ್ಲ. "ಓಟಿಗೆ ಹೋಗೋದಕ್ಕೆ ಮಾತ್ರ ಡೀಸೆಲ್ ಹಾಕಿಸಿದ್ರಂತೆ," ಎಂದು ಧನಕೋಟಿ ಈಗಲೂ ಹೇಳಿ ನಗುತ್ತಾಳೆ. ಗೆದ್ದವರ ಅಂತರ ನೂರ ಎಂಬತ್ತೇಳು ಓಟು. ನಿಮ್ಮನ್ನು ಕಾಲುವೆ ಹತ್ತಿರವೇ ತಂದು ಕೂರಿಸುತ್ತೇನೆ ಎಂದಿದ್ದ ಅಭ್ಯರ್ಥಿ ಅವರೇ. ಗುಡಿಗೆ ಹಾರ ಬಂತು. ಪುದುವಯಲಿಗೆ ಯಾರೂ ಬರಲಿಲ್ಲ.

ಈಗ ಮತ್ತೆ ಚುನಾವಣೆ ಹತ್ತಿರವಾಗಿದೆ. ಸೋತಿದ್ದ ಪಕ್ಷದವರು ಕೂತು ಪಟ್ಟಿ ಓದಿದ್ದಾರೆ. ಹತ್ತಡಿ ಗುಡಿಯಲ್ಲಿ ಮುನ್ನೂರ ಹನ್ನೆರಡು ಮತದಾರರು ಎಂದು ಪತ್ರಿಕೆಯಲ್ಲಿ ಫೋಟೋ ಸಮೇತ ಬಂದಿದೆ. ನಕಲಿ ಮತದಾರರಂತೆ. ಅಂಜಲೈ ಶಾಸಕರ ಕಚೇರಿಗೆ ಮೂರು ದಿನ ಅಲೆದಿದ್ದಾರೆ. ನಾಲ್ಕನೇ ದಿನ ಅಲ್ಲಿನವನೊಬ್ಬ, "ಅದು ಅಧಿಕಾರಿಗಳ ವಿಷಯ ಅಕ್ಕಾ, ನಾವು ತಲೆ ಹಾಕಲ್ಲ," ಎಂದು ಮಜ್ಜಿಗೆ ಕೊಟ್ಟು ಕಳಿಸಿದ್ದಾನೆ. ಅಂಜಲೈಗೆ ಚುನಾವಣಾ ಕಚೇರಿಯಿಂದ ಏಳು ದಿನದ ನೋಟಿಸು ಬಂದಿದೆ. ಒಬ್ಬೊಬ್ಬರಿಂದಲೂ ಜಾಗ ಬದಲಾವಣೆಯ ಅರ್ಜಿ ತರಬೇಕು, ಇಲ್ಲವಾದರೆ ಹೆಸರು ಎರಡೂ ಕಡೆ ಇರುವುದಿಲ್ಲ.

ಆರು ದಿನದಲ್ಲಿ ಮುನ್ನೂರ ಹತ್ತು ಅರ್ಜಿಗಳಾಗಿವೆ. ಕೆಲವರು ಬೈದು ಸಹಿ ಹಾಕಿದ್ದಾರೆ, ಕೆಲವರು ಅತ್ತು.

"ಆಯಾ, ಹೆಬ್ಬೆಟ್ಟು ಕೊಡದಿದ್ರೆ ನೀನು ಎಲ್ಲೂ ಇರಲ್ಲ."

"ಈಗ ಎಲ್ಲಿದೀನಿ?" ಎನ್ನುತ್ತಾಳೆ ಧನಕೋಟಿ. "ಮನೆ ಹೋಯ್ತು, ಮೀನಿನ ಬುಟ್ಟಿ ಹೋಯ್ತು. ಅಲ್ಲಿ ನಂದು ಅಂತ ಇದ್ದಿದ್ದು ಆ ಒಂದು ಗೆರೆ ಕಣೇ, ನಿನ್ನ ಕಾಗದದಲ್ಲಿ."

ಅಂಜಲೈ ಇಂಕ್ ಪ್ಯಾಡಿನ ಮುಚ್ಚಳ ತೆಗೆದು ಅವಳ ಮುಂದಿಡುತ್ತಾರೆ. ಕೊನೆಗೆ ಮುದುಕಿ ಮುಷ್ಟಿ ಬಿಚ್ಚುತ್ತಾಳೆ. ಎಲೆ ಅಡಿಕೆಯಿಂದ ಕೆಂಪಾದ ಬೆರಳನ್ನು ಅಂಜಲೈ ತಮ್ಮ ಸೆರಗಿನಿಂದ ಒರೆಸಿ ಇಂಕಿಗೆ ಒತ್ತುತ್ತಾರೆ. ಮುನ್ನೂರ ಹನ್ನೊಂದು.

ಹನ್ನೊಂದು ಗಂಟೆಗೆ ಉಪ್ಪುಮೇಡಿನ ಚುನಾವಣಾ ಕಚೇರಿ. ಅಧಿಕಾರಿ ತಿರುನಾವುಕ್ಕರಸು ಕೆಟ್ಟ ಮನುಷ್ಯರಲ್ಲ. ಕಟ್ಟು ಎಣಿಸಿ, ಕನ್ನಡಕ ತೆಗೆಯುತ್ತಾರೆ.

"ಒಂದು ಕಮ್ಮಿ ಇದೆಯಲ್ಲಮ್ಮ?"

"ನಂದು ಸಾರ್. ಇಲ್ಲೇ ಬರೀತೀನಿ."

"ನೀವು ಯಾಕೆ ಬರೀತೀರ? ನಿಮ್ಮ ಅಂಗನವಾಡಿ ಇಲ್ಲೇ ಇದೆ. ಅದರ ವಿಳಾಸ ಹಾಕಿ, ನಾನು ನೋಡ್ಕೋತೀನಿ. ನಿಮ್ಮ ಓಟು ಇಲ್ಲೇ ಉಳೀಲಿ."

ಅಂಜಲೈ ತಮ್ಮ ಅರ್ಜಿ ತುಂಬುತ್ತಾರೆ. ಅರ್ಜಿಯ ಕೆಳಗೆ ಮತಗಟ್ಟೆಯ ಪಟ್ಟಿ ನೋಡಿಕೊಳ್ಳುವವರು ತುಂಬಬೇಕಾದ ಸಾಲೊಂದಿದೆ: ಸದರಿ ವ್ಯಕ್ತಿ ಈಗಿನ ಪಟ್ಟಿಯಲ್ಲಿರುವ ವಿಳಾಸದಲ್ಲಿ ವಾಸವಿದ್ದಾರೆಯೇ? ತಮ್ಮ ಹೆಸರಿನ ಕೆಳಗೆ, ಮುನ್ನೂರ ಹನ್ನೊಂದು ಸಲ ಬರೆದ ಅದೇ ದುಂಡಗಿನ ಅಕ್ಷರದಲ್ಲಿ, ಇಲ್ಲ ಎಂದು ಬರೆದು ಸಹಿ ಹಾಕುತ್ತಾರೆ.

"ಹೊಸ ಪಟ್ಟೀಲಿ ನಾವೆಲ್ಲ ಒಂದೇ ಬೂತಲ್ಲಿ ಬರ್ತೀವಾ ಸಾರ್?"

"ಕಟ್ಟಡದ ಪ್ರಕಾರ ಹಂಚುತ್ತಮ್ಮ ಕಂಪ್ಯೂಟರು. ನಾಲ್ಕೈದು ಬೂತಿಗೆ ಹೋಗಬಹುದು."

ಹೊರಗೆ ಬಂದು ಅವರು ಅಂಗನವಾಡಿಯ ದಾರಿ ಹಿಡಿಯುತ್ತಾರೆ, ಮಕ್ಕಳಿಗೆ ಮೊಟ್ಟೆ ಬೇಯಿಸುವ ಹೊತ್ತು. ಸಂಜೆಯೊಳಗೆ, ಹೆಸರೇ ಇಲ್ಲದಂತಾದ ಎಂಬತ್ತೇಳನೇ ಮತಗಟ್ಟೆ ಪಕ್ಕದ ಮತಗಟ್ಟೆಗೆ ಸೇರಿಹೋಗುತ್ತದೆ. ಹೇಗೂ ಉಳಿಸಿಕೊಳ್ಳಬಹುದಿತ್ತಲ್ಲ, ಅಧಿಕಾರಿಯೇ ಹೇಳಿದರಲ್ಲ ಎಂದು ಕೇಳಿದರೆ ಅಂಜಲೈ ಚೀಲವನ್ನು ಈ ಭುಜದಿಂದ ಆ ಭುಜಕ್ಕೆ ಬದಲಿಸುತ್ತಾರೆ.

"ಉಳಿಸ್ಕೊಂಡು? ಓಟಿನ ದಿನ ನಾನೊಬ್ಳೇ ಬಂದು ಕ್ಯೂನಲ್ಲಿ ಯಾರ ಹಿಂದೆ ನಿಂತ್ಕೊಳ್ಲಿ?"