ತೊಟ್ಟಿಲಿಗೆ ಮರಳಿದ ಹಡಗಿನ ಹಾಯಿ

ತೊರಗಲ್ ಕೋಟೆಯ ಗೋಡೆಗೆ ಇನ್ನೂ ಬಿಸಿಲು ತಾಗಿಲ್ಲ. ಸಿದ್ದಲಿಂಗವ್ವ ಆಗಲೇ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಬ್ಲೇಡಿನಿಂದ ಹೊಲಿಗೆ ಬಿಚ್ಚುತ್ತಿದ್ದಾರೆ. ಬಟ್ಟೆಯ ಒಂದು ಅಂಚು ಅವರ ಮೊಣಕಾಲ ಮೇಲಿದೆ. ಇನ್ನೊಂದು ಅಂಚು ಕಟ್ಟೆ ಇಳಿದು, ಅಂಗಳ ದಾಟಿ, ಎಮ್ಮೆಯ ಗೋದಲಿಯವರೆಗೆ ಹೋಗಿದೆ. ಮಾಸಿದ ಹಸಿರು, ಕೆಂಪು, ಗಿಣಿಮೂತಿ ಅಂಚಿನ ಕಪ್ಪು. ಎಲ್ಲವೂ ಊರ ಹೆಂಗಸರು ಉಟ್ಟು ಸವೆಸಿದ ಸೀರೆಗಳು. ‘ಮುತ್ಯಾನ ಹಡಗು’ ಸಿನಿಮಾ ನೋಡಿದವರಿಗೆ ಇದರ ಗುರುತು ಸಿಗುತ್ತದೆ. ಇದು ಆ ಹಡಗಿನ ಹಾಯಿ.

ಅಷ್ಟು ದಿನ ಕಷ್ಟಪಟ್ಟು ಹೊಲಿದದ್ದನ್ನು ಬಿಚ್ಚಲು ಬೇಸರವಿಲ್ಲವೇ ಎಂದರೆ ಸಿದ್ದಲಿಂಗವ್ವ ನಗುತ್ತಾರೆ. “ಯಾಕ್ ಬ್ಯಾಸರರಿ? ಮೇಯಾಕ ಹೋದ ಎಮ್ಮಿ ಮನಿಗೆ ಬಂದಂಗ ಬಂದೈತಿ. ಬರತೈತೋ ಇಲ್ಲೋ ಅಂತ ಜೀವಾನ ಹಾರಿತ್ತ.”

ಗೋದಲಿಯ ಬಳಿಯಿಂದ ಗಂಡ ಕಾಡಪ್ಪನ ದನಿ ಬರುತ್ತದೆ. “ಸಿನಿಮಾದವರು ಬಂದು ಹೋದಾಗಿಂದ ನನಗ ಚಾ ಲಗೂನ ಸಿಗವಲ್ದ್ರಿ.”

“ಹೀರೋಯಿನ್ ಎಲ್ಲರೆ ಚಾ ಮಾಡತಾಳೇನ? ನೀವ ಮಾಡ್ರಿ, ನನಗೂ ಒಂದ್ ಕಪ್ ತರ್ರಿ.”

ಆತುರಕ್ಕೆ ಕಾರಣವಿದೆ. ಹಿಂದಿನ ಓಣಿಯ ತಾರಾಬಾಯಿಯ ಮಗಳು ಭಾವನಾ ಹೆಣ್ಣು ಹಡೆದಿದ್ದಾಳೆ. ಶುಕ್ರವಾರ ತೊಟ್ಟಿಲು. ಕೂಸಿನ ಬೆನ್ನಿಗೆ ಮುತ್ತಜ್ಜಿಯ ಸೀರೆ ಮಡಚಿ ಹೊಲಿದ ಕೌದಿಯೇ ತಾಗಬೇಕೆಂದು ತಾರಾಬಾಯಿಯ ಹಟ. ಆ ಸೀರೆ ಈ ಹಾಯಿಯ ಮೂಲೆಯಲ್ಲಿದೆ. ಸಿದ್ದಲಿಂಗವ್ವ ಅತ್ತೆಯಿಂದ ಕಲಿತ ಕ್ರಮದಲ್ಲಿ ಅಂಚಿನಿಂದ ಹೊರಟು, ಸುತ್ತಿ ಸುತ್ತಿ ನಡುವಿಗೆ ಬಂದು ದಾರ ಮುಗಿಸುತ್ತಾರೆ. ಹಾಗಾಗಿ ಬಿಚ್ಚುವಾಗ ನಡುವಿನಿಂದಲೇ ಹೊರಡಬೇಕು. ಮೂಲೆ ಕೊನೆಗೆ ಸಿಗುತ್ತದೆ. ಕತ್ತರಿ ಹಾಕಿದರೆ ಈಗಲೇ ಮುಗಿದೀತು. “ಕತ್ತರಿ ಮಾತ ಬ್ಯಾಡ್ರಿ. ಒಂದ ಸೀರಿನೂ ಕೊಯ್ದಿಲ್ಲ, ಮಡಚಿ ಮಡಚಿ ಹೊಲದೇನಿ. ಸೀರಿ ಕೊಟ್ಟಾರ, ಸೀರಿನ ಕೊಡಬೇಕ.”

ಸಿನಿಮಾದವರು ಬಂದದ್ದು ಹೋದ ವರ್ಷದ ಬೇಸಿಗೆಯಲ್ಲಿ. ಯಾವುದೋ ಕಾಲದ ಪರದೇಶಿ ಕಡಲ ಕಾದಂಬರಿಯ ಒಂದೆಳೆ ಹಿಡಿದು, ಉಳಿದದ್ದನ್ನು ಅಲ್ಲೇ ಬಿಟ್ಟು, ಕಥೆಯನ್ನು ಮಲಪ್ರಭೆಗೆ ಇಳಿಸಿದ್ದರು. ನಿವೃತ್ತ ಮಾಸ್ತರನಾದ ಮುತ್ಯಾ, ಅಂದರೆ ಅಜ್ಜ, ಹಿತ್ತಲಲ್ಲಿ ಹಡಗು ಕಟ್ಟಿ, ಜಗಳಗಂಟ ಸೊಸೆಯಂದಿರು, ಮೊಮ್ಮಕ್ಕಳು, ಉಪ್ಪಿನಕಾಯಿ ಭರಣಿ ಸಮೇತ ನಿಧಿ ಹುಡುಕಲು ಹೊರಡುವ ಕಥೆ. ಸವದತ್ತಿಯ ಹಿನ್ನೀರಿನಲ್ಲಿ ಹಡಗು, ತೊರಗಲ್ ಕೋಟೆಯಲ್ಲಿ ನಿಧಿ. ಕಲಾ ವಿಭಾಗದ ಸುಮೇಧ ಎಂಬ ಹುಡುಗ ಈ ಕಟ್ಟೆಗೇ ಬಂದು ಕುಳಿತ. “ಅಕ್ಕಾ, ಮನೆಯವರೇ ಸೇರಿ ಕಟ್ಟಿರೋ ಹಡಗು. ಹಾಯಿನೂ ಮನೆ ಬಟ್ಟೇದೇ ಆಗ್ಬೇಕು” ಎಂದ.

ಹಳೆಯ ಸೀರೆ ಅಂಗಡಿಯಲ್ಲಿ ಸಿಗುವುದಿಲ್ಲ. ಸತ್ತ ತಾಯಂದಿರ ಟ್ರಂಕಿನಲ್ಲಿ ಸಿಗುತ್ತದೆ. ಸಿದ್ದಲಿಂಗವ್ವ ಮನೆಮನೆಗೆ ಹೋಗಿ ಕೇಳಿದರು. ಕೆಲಸ ಮುಗಿದ ಮೇಲೆ ಅವರವರ ಸೀರೆ ಅವರವರಿಗೆ ಕೌದಿಯಾಗಿ ಮರಳುತ್ತದೆ ಎಂದು ಮಾತು ಕೊಟ್ಟರು. ಆ ಮಾತಿನ ಮೇಲೆ ಪಕ್ಕದ ಮನೆಯ ರಾಚವ್ವ ಕೊಟ್ಟಳು, ತಾರಾಬಾಯಿ ಕೊಟ್ಟರು, ಓಣಿಗೆ ಓಣಿಯೇ ಕೊಟ್ಟಿತು.

ಹೊಲಿಯುವಾಗ ಸಿದ್ದಲಿಂಗವ್ವ ತಮ್ಮ ಮನೆಯ ಪದ್ಧತಿ ಬಿಡಲಿಲ್ಲ. ಕೌದಿಯ ಮೂಲೆಯಲ್ಲಿ ಸಣ್ಣ ಕಿಸೆಯಿಟ್ಟು, ಸೀರೆ ಕೊಟ್ಟವರ ಕೈಯಿಂದಲೇ ಕೊಬ್ಬರಿ ಬೆಲ್ಲ ತುಂಬಿಸಿ ಹೊಲಿದುಬಿಡುತ್ತಾರೆ. “ಹಸದ ಕೌದಿ ಹೊದಸಬಾರದ್ರಿ” ಎಂಬುದು ಅವರ ಅತ್ತೆ ಹಾಕಿಕೊಟ್ಟ ನೇಮ. ಹಾಯಿಯೂ ಕೌದಿಯೇ ತಾನೆ? ನಾಲ್ಕೂ ಮೂಲೆಗೆ ಉಡಿ ತುಂಬಿದರು. ಸಿನಿಮಾದವರಿಗೆ ಹೇಳಲು ನೆನಪಾಗಲಿಲ್ಲ.

ಕೋಟೆಯ ಮಂಗಗಳಿಗೆ ಯಾರೂ ಹೇಳಬೇಕಾಗಲಿಲ್ಲ. ಕೋಟೆಯ ಬಯಲಲ್ಲಿ ಹಾಯಿ ಏರಿಸಿ ನೋಡುವ ದಿನ ದಂಡು ದಂಡಾಗಿ ಇಳಿದು ಬೆಲ್ಲದ ಮೂಲೆಗಳಿಗೆ ಬಾಯಿ ಹಾಕಿದವು. “ಒಂದ ಮಂಗ್ಯಾ ಕಂಬದ ತುದೀಗಿ, ಒಂದ ಡೈರೆಕ್ಟರ್ ಕುರ್ಚಿ ಮ್ಯಾಲ. ಮುತ್ಯಾನ ಪಾರ್ಟ್ ಮಾಡಾವಾ ಪಂಚೆ ಹಿಡಕೊಂಡ ಓಡ್ಯಾನ್ರಿ!” ಕಾಡಪ್ಪ ಹೇಳುತ್ತ ಹೇಳುತ್ತ ಚಹಾ ಚೆಲ್ಲುತ್ತಾರೆ. ಯಾರೂ ಕ್ಯಾಮೆರಾ ನಿಲ್ಲಿಸಿರಲಿಲ್ಲ. ಇಂದು ಚಿತ್ರಮಂದಿರಗಳಲ್ಲಿ ಮಕ್ಕಳು ಕುರ್ಚಿ ಬಿಟ್ಟು ಎದ್ದು ಕುಣಿಯುವುದು ಇದೇ ದೃಶ್ಯಕ್ಕೆ.

ಚಿತ್ರತಂಡ ಸಂದರ್ಶನಗಳಲ್ಲಿ ಇದನ್ನು ತನ್ನ ಕಲ್ಪನೆ ಎಂದು ಹೇಳಿಕೊಂಡು ತಿರುಗುತ್ತಿದೆ. ಯಾರ ಕಲ್ಪನೆ, ಸ್ವಾಮಿ? ಸೊಸೆಯ ಕೈಗೆ ಸೂಜಿ ಕೊಟ್ಟ ಒಬ್ಬ ಅತ್ತೆಯದು, ಉಡಿ ತುಂಬಿದ ನಾಲ್ಕು ಹೆಂಗಸರದು. ಕೊನೆಯಲ್ಲಿ ತೆರೆಯ ಮೇಲೆ ಹೆಸರುಗಳ ಮೆರವಣಿಗೆ ಏರುತ್ತದೆ. ಕೃತಕ ಮೀಸೆ ಅಂಟಿಸಿದವರ ಹೆಸರೂ ಇದೆ. ಇರಲಿ, ಅದೂ ದುಡಿಮೆಯೇ. ಆದರೆ ಹಡಗನ್ನು ನಡೆಸಿದ ಹಾಯಿ ಹೊಲಿದವರ ಹೆಸರಿಲ್ಲ! ಕೈಗಳ ಕೆಲಸ ಬೇಕು, ಕೈಗಳ ಒಡತಿ ಬೇಡ ಎನ್ನುವುದು ನಮ್ಮ ನಾಡಿನಲ್ಲಿ ಕೇವಲ ಸಿನಿಮಾದವರ ಚಾಳಿಯಲ್ಲ. ಕಾಡಪ್ಪನಿಗೆ ಈ ಸಿಟ್ಟು ವಿಚಿತ್ರವಾಗಿ ಕಾಣುತ್ತದೆ. “ಹೆಸರ ಬರೋ ಹೊತ್ತಿಗೆ ಮಂದಿ ಚಪ್ಪಲ್ ಹುಡಕಾಕ ಹತ್ತಿದ್ರರಿ. ಓದಾವ್ರ ಯಾರ?”

ಸಿದ್ದಲಿಂಗವ್ವನನ್ನು ಕಾಡಿದ್ದು ಬೇರೆ. ಚಿತ್ರೀಕರಣ ಮುಗಿದ ದಿನ ಹಾಯಿ ಬೆಂಗಳೂರಿನ ಲಾರಿ ಹತ್ತಿತು. ಫೋನು ಮಾಡಿದಾಗಲೆಲ್ಲ ಸುಮೇಧನದು “ಮುಂದಿನ ವಾರ, ಅಕ್ಕಾ.” ಇತ್ತ ನೀರಿನ ನಲ್ಲಿಯ ಬಳಿ ತಾರಾಬಾಯಿ ಬಿಡುತ್ತಿರಲಿಲ್ಲ. “ಏನವಾ ಸಿದ್ದಲಿಂಗವ್ವಾ, ನಮ್ಮವ್ವನ ಸೀರಿ ಬೆಂಗಳೂರಾಗ ಮನಿ ಕಟ್ಟಿಸ್ಯದೇನು? ವಾಸ್ತುಶಾಂತಿಗೆ ನಮ್ಮನ್ನೂ ಕರೀತದೋ ಇಲ್ಲೋ?” ಸಿದ್ದಲಿಂಗವ್ವ ಬೇರೆ ಹೊತ್ತಿಗೆ ನೀರು ತರತೊಡಗಿದರು.

ಹೋದ ತಿಂಗಳು ಸಿನಿಮಾ ರಾಮದುರ್ಗಕ್ಕೆ ಬಂತು. ನಟರು ಬರುತ್ತಾರೆಂದು ಚಿತ್ರಮಂದಿರದ ಮುಂದೆ ಅಲಂಕಾರಕ್ಕೆ ಅದೇ ಹಾಯಿ ತೂಗುಹಾಕಿದ್ದರು. ಸುದ್ದಿ ತಿಳಿದದ್ದೇ ಸಿದ್ದಲಿಂಗವ್ವ, ತಾರಾಬಾಯಿ, ರಾಚವ್ವ ಟಂಟಂ ಆಟೋ ಹತ್ತಿದರು. ನೇರ ಹೋಗಿ ಹಗ್ಗಕ್ಕೇ ಕೈ ಹಾಕಿದರು. ಕಾವಲಿಗಿದ್ದ ಬಾಳೇಶ ಅಡ್ಡ ಬಂದ.

“ಏ ಯಮ್ಮಾ, ಮುಟ್ಟಬ್ಯಾಡ. ಸಿನಿಮಾದವರ ಸಾಮಾನ ಅದು.”

“ಸಾಮಾನಲ್ಲೋ ಯಪ್ಪಾ, ನಮ್ಮ ಸೀರಿ. ಮೂರ ಮೂಲಿ ಮಂಗ್ಯಾ ತಿಂದಾವ. ನಾಕನೇದರಾಗ ಕೊಬ್ಬರಿ ಬೆಲ್ಲ ಐತಿ, ಈ ತಾರಾಬಾಯಾರು ಹಾಕಿದ್ದ ಯಾಲಕ್ಕಿನೂ ಐತಿ. ಬಿಚ್ಚಲೇನ?”

ಸೆಲ್ಫಿಗೆ ನಿಂತಿದ್ದ ಜನ ಇತ್ತ ತಿರುಗಿದರು. ಸಿದ್ದಲಿಂಗವ್ವ ಮೂಲೆಯ ದಾರ ಹರಿದರು. ಕಲ್ಲಿನಂತೆ ಒಣಗಿದ ಬೆಲ್ಲ, ಕೊಬ್ಬರಿ, ಯಾಲಕ್ಕಿ ಅಂಗೈಗೆ ಬಿತ್ತು. ಅದನ್ನು ಬಾಳೇಶನ ಕೈಗಿಟ್ಟು, “ತಗೋ, ಸಿನಿಮಾದವರ ಸಾಮಾನ. ತಿನ್ನ” ಎಂದರು. ರಸ್ತೆಯೇ ನಕ್ಕಿತು. ಒಳಗಿನಿಂದ ಓಡಿ ಬಂದ ಸುಮೇಧ ತಾನೇ ಏಣಿ ಹತ್ತಿ ಹಗ್ಗ ಬಿಚ್ಚಿದ. “ಅಕ್ಕಾ, ತಪ್ಪಾಯ್ತು” ಎಂದಷ್ಟೇ ಹೇಳಿ, ಮಡಿಕೆ ಹಾಕಿ ಟಂಟಂನಲ್ಲಿಟ್ಟ. ಅವನು ಒಳ್ಳೆಯ ಹುಡುಗನೇ ಎಂದು ಸಿದ್ದಲಿಂಗವ್ವ ಈಗಲೂ ಅನ್ನುತ್ತಾರೆ.

ಗುರುವಾರ ಇಳಿಹೊತ್ತು. ಕೊನೆಯ ಮೂಲೆ ಬಿಚ್ಚಿ, ಒಗೆದು, ಮಡಚಿ ಹೊಲಿದ ತೊಟ್ಟಿಲ ಕೌದಿ ಕಟ್ಟೆಯ ಮೇಲಿದೆ. ಒಂದೇ ಮೂಲೆಯ ಬಾಯಿ ತೆರೆದಿದೆ. ತಾರಾಬಾಯಿ ಬಟ್ಟಲು ಹಿಡಿದು ಬರುತ್ತಾರೆ. ಕೊಬ್ಬರಿ, ಬೆಲ್ಲ, ಯಾಲಕ್ಕಿ ತುಂಬುತ್ತಾರೆ. ತಾಯಿಯ ಸೀರೆಯ ಅಂಚನ್ನು ಬೆರಳಿನಿಂದ ಸವರಿ, “ಮಂಗ್ಯಾ ಬರದಂಗ ಬಿಗಿಯಾಗಿ ಹೊಲಿಯವಾ” ಎನ್ನುತ್ತಾರೆ. ಮಾತಿನಲ್ಲಿ ಈಗ ಮುಳ್ಳಿಲ್ಲ.

ಚಿತ್ರದ ಎರಡನೇ ಭಾಗಕ್ಕೆ ಕರೆದರೆ ಮತ್ತೆ ಹೊಲಿಯುತ್ತೀರಾ? ಸಿದ್ದಲಿಂಗವ್ವ ಹಲ್ಲಿನಿಂದ ದಾರ ಕಡಿಯುತ್ತಾರೆ.

“ಹೊಲೀತೇನಿ. ಹೊಲಿಯೂದ ನನ್ನ ಕೆಲಸ. ಆದ್ರ ನನ್ನ ಅಂಗಳದಾಗ ತಂದ ಒಪ್ಪಸಬೇಕ ಮತ್ತ.” ಕೌದಿಯನ್ನು ತಾರಾಬಾಯಿಯ ಮಡಿಲಿಗಿಟ್ಟು, ಏನೋ ನೆನಪಾದಂತೆ ತಲೆಯೆತ್ತುತ್ತಾರೆ. “ಸಿನಿಮಾ ಇನ್ನೊಮ್ಮಿ ನೋಡಿದ್ರ ಸೂಕ್ಷ್ಮ ನೋಡ್ರಿ. ಮಂಗ್ಯಾ ಹರದದ್ದ ಬರೇ ಬಟ್ಟಿ. ನನ್ನ ಹೊಲಿಗಿ ಒಂದೂ ಬಿಟ್ಟಿಲ್ಲ.”